ಹ್ಯಾರೋ ಕ್ರೀಕ್ ಮ್ಯೂಸಿಯಮ್ಮಿನಲ್ಲಿ ವಿನಾಯಕನ ಊಟದ ಹೊತ್ತು

ಪ್ರದರ್ಶನಕ್ಕಿಟ್ಟ ವಸ್ತುಗಳು ಆವರಣದೊಳಗೆ ಆಹಾರ ಸೇವಿಸತಕ್ಕದ್ದಲ್ಲ ಎಂಬುದು ಮಿಷಿಗನ್ನಿನ ಹ್ಯಾರೋ ಕ್ರೀಕ್ ಎಂಬ ಪುಟ್ಟ ನಗರದ ಮ್ಯೂಸಿಯಮ್ಮಿನ ನಿಯಮ. ಇಂದುಮತಿಯವರು ಬರುವತನಕ ಈ ನಿಯಮ ಇರಲಿಲ್ಲ; ಅಗತ್ಯ ಬಿದ್ದಿರಲಿಲ್ಲ.

ಹಳೆಯ ರೈಲ್ವೆ ಸ್ಟೇಷನ್ನೇ ಅಲ್ಲಿ ಮ್ಯೂಸಿಯಮ್ಮು. ಬೆಣ್ಣೆ ಕಡೆಯುವ ಮರದ ಪೀಪಾಯಿ, ಕುದುರೆ ಎಳೆಯುತ್ತಿದ್ದ ಅಗ್ನಿಶಾಮಕ ಗಾಡಿ, ಇವೆರಡರ ನಡುವೆ ಮೊಳದೆತ್ತರದ ಕರಿಕಲ್ಲಿನ ವಿನಾಯಕ. ಊರಿನ ಯಾವನೋ ಪ್ರವಾಸಿ ಹಿಂದೆಂದೋ ತಂದಿಟ್ಟದ್ದಂತೆ. ಭಗವಂತ ಎಲ್ಲಿ ಕೂರಿಸಿದರೂ ಕೂರುತ್ತಾನೆ.

ಇಂದುಮತಿಯವರು ಮೈಸೂರಿನವರು, ಆನ್ ಆರ್ಬರಿನಲ್ಲಿ ಡಾಕ್ಟರಾಗಿರುವ ಜಯಸಿಂಹರ ಪತ್ನಿ. ಬಂದವರಿಗೆ ಪೀಪಾಯಿ ತೋರಿಸಿ ವಿವರಿಸುವ ವಾಲಂಟಿಯರ್ ಕೆಲಸಕ್ಕೆ ಸೇರಿದ ಮೊದಲ ದಿನವೇ ವಿನಾಯಕನನ್ನು ಕಂಡರು. 'ಯಾವ ಕಾಲದಿಂದ ಉಪವಾಸವೋ ನನ್ನಪ್ಪ' ಅನ್ನಿಸಿ ಕರುಳು ಚುರುಕ್ ಎಂದಿತು. ಅವನ ಪ್ರಸಾದ ಬಾಯಿಗೆ ಬೀಳದೆ ಮಧ್ಯಾಹ್ನದ ಊಟ ಮುಟ್ಟುವುದಿಲ್ಲವೆಂದು ಅಲ್ಲೇ ಸಂಕಲ್ಪ ಮಾಡಿಬಿಟ್ಟರು.

"ಮನೇಲಿರೋ ಗಣಪತಿಗೆ ದಿನಾ ನೈವೇದ್ಯ ಮಾಡ್ತೀಯಲ್ಲ ಇಂದು. ಎಲ್ಲಾ ಒಬ್ಬನೇ ದೇವರಲ್ವಾ?" ಎಂದರು ಜಯಸಿಂಹ.

"ನಿಮ್ಮ ಹಾಸ್ಪಿಟಲ್ನಲ್ಲಿ ಒಬ್ಬ ಪೇಷಂಟಿಗೆ ಊಟ ಕೊಟ್ಟು, ಎಲ್ಲರದೂ ಆಯ್ತು ಅಂತೀರೇನ್ರೀ?"

ಡಾಕ್ಟರು ಮೊಸರನ್ನ ಕಲಸಿಕೊಂಡರು.

ಮರುದಿನ ಕಡುಬಿನ ಡಬ್ಬಿ ಬಿಚ್ಚುವಾಗಲೇ ನಿರ್ದೇಶಕಿ ಡಾನಾ ಬಂದರು. ಒಳ್ಳೆಯ ಹೆಂಗಸು, ಯಾವುದಕ್ಕೂ ಇಲ್ಲವೆನ್ನುವವರಲ್ಲ, ಯಾವ ನಿಯಮದ ಪ್ರಕಾರ ಎಂದಷ್ಟೇ ಕೇಳುವವರು.

"ಇವರು ಇದನ್ನು ತಿನ್ನುತ್ತಾರೆಯೆ?"

"ಸ್ವೀಕರಿಸ್ತಾನೆ."

"ಆಮೇಲೆ ಎಷ್ಟು ಉಳಿಯುತ್ತದೆ?"

"ಎಲ್ಲಾನೂ."

"ಹಾಗಾದರೆ ಇಲಿ ಬರುತ್ತದೆ."

"ಬಂದೇ ಇದೆಯಲ್ಲ, ಪಾದದ ಹತ್ತಿರ ನೋಡಿ."

ಡಾನಾ ಬಗ್ಗಿ ನೋಡಿದರು. ಆ ತಿಂಗಳ ಕೀಟನಿಯಂತ್ರಣ ವರದಿಯಲ್ಲಿ 'ಇಲಿ, ಒಂದು, ಕಲ್ಲಿನದು, ನಿಗಾದಲ್ಲಿದೆ' ಎಂದು ನಮೂದಾಯಿತು.

ಆಡಳಿತ ಮಂಡಳಿ ಸೇರಿತು. ವಸ್ತುಗಳು ಉಣ್ಣುವಂತಿಲ್ಲವೆಂದು ಮೊದಲು ನಿಯಮ ಮಾಡಿತು; ಆಮೇಲೆ, ಸಿಬ್ಬಂದಿ ಮತ್ತು ವಾಲಂಟಿಯರುಗಳು ಸ್ಟಾಫ್ ರೂಮಿನಲ್ಲಿ ಉಣ್ಣಬಹುದೆಂಬ ಹಳೆಯ ನಿಯಮವನ್ನು ಕರುಣೆಯಿಂದ ಓದಿ, ವಿನಾಯಕನನ್ನು ವಾಲಂಟಿಯರಾಗಿ ಸೇರಿಸಿಕೊಂಡಿತು. ಕೊರಳಿಗೆ ಬ್ಯಾಡ್ಜು ಬಂತು. ಭಾರ ಎತ್ತುವಾಗ ಬೆನ್ನು ಜೋಪಾನ ಎಂಬ ತರಬೇತಿ ವಿಡಿಯೋವನ್ನು ಅವನ ಮುಂದಿಟ್ಟು ಪೂರ್ತಿ ತೋರಿಸಲಾಯಿತು. ನಡುವೆ ಎದ್ದು ಹೋಗದೆ ನೋಡಿದ ಮೊದಲ ವಾಲಂಟಿಯರು ಇವರೇ ಎಂದು ಡಾನಾ ಮೆಚ್ಚಿದರು.

"ಪೇಪರ್ಸ್ ಏನೂ ಕೇಳ್ಲಿಲ್ವಾ?" ಎಂದರು ಜಯಸಿಂಹ. ಗ್ರೀನ್ ಕಾರ್ಡಿಗೆ ಕಾದು ಕಾದು ಕೂದಲು ನರೆಸಿಕೊಂಡವರು, ಸ್ವಲ್ಪ ನೊಂದಿದ್ದರು.

ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಮಗಳು ಇಳಾ ಫೋನಿನಿಂದ ತಲೆಯೆತ್ತಿದಳು. "ವೇಟ್, ನೋ ಇಂಟರ್‌ವ್ಯೂ?"

"ವಿಘ್ನೇಶ್ವರನಿಗೆ ಯಾರೇ ವಿಘ್ನ ಮಾಡ್ತಾರೆ," ಎಂದರು ತಾಯಿ.

ಮಾಡಿದ್ದು ಫ್ರಿಡ್ಜು. ಮಧ್ಯಾಹ್ನ ವಿನಾಯಕನನ್ನು ಟ್ರಾಲಿಯಲ್ಲಿ ಸ್ಟಾಫ್ ರೂಮಿಗೆ ಕರೆದೊಯ್ದರು. ಅವನ ಜಾಗದಲ್ಲಿ 'ಊಟಕ್ಕೆ ಹೋಗಿದ್ದಾರೆ' ಎಂಬ ಫಲಕ ನಿಂತಿತು. ಇಂದುಮತಿಯವರು ಕಣ್ಣೊದ್ದೆ ಮಾಡಿಕೊಂಡು ನೈವೇದ್ಯ ಮಾಡಿ, ಪ್ರಸಾದಕ್ಕೆ ಕೈಚಾಚಿದರು. ಡಾನಾ ಫ್ರಿಡ್ಜಿನ ಮೇಲಿನ ಪ್ರಕಟಣೆ ತೋರಿಸಿದರು: 'ಸಹವಾಲಂಟಿಯರ ಊಟವನ್ನು ಅವರ ಅನುಮತಿಯಿಲ್ಲದೆ ಯಾರೂ ಮುಟ್ಟತಕ್ಕದ್ದಲ್ಲ.'

"ಅವನೇ ಕೊಟ್ಟಿದ್ದು."

"ಕೊಟ್ಟದ್ದು ನನಗೆ ಕೇಳಿಸಲಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಇರಲಿಲ್ಲ. ಕಡುಬು ಫ್ರಿಡ್ಜಿನೊಳಗೆ ಹೋಯಿತು. ಸಂಕಲ್ಪ ಸಂಕಲ್ಪವೇ, ಇಂದುಮತಿಯವರು ದಿನವೂ ಕಡುಬು ಮಾಡಿ ತಂದು, ಮಧ್ಯಾಹ್ನ ನೀರು ಕುಡಿದು, ಪೀಪಾಯಿ ವಿವರಿಸಿದರು. ಒಂದು ದಿನ ಮಾತಿನ ನಡುವೆ ತಲೆ ಸುತ್ತಿ ಅಗ್ನಿಶಾಮಕ ಗಾಡಿ ಹಿಡಿದುಕೊಂಡರು. ವಸ್ತುಗಳನ್ನು ಮುಟ್ಟಬಾರದೆಂದು ಡಾನಾ ಮೆಲ್ಲಗೆ ನೆನಪಿಸಿದರು. ಆದರೂ ಅವರಿಗೆ ಕನಿಕರ ಬಂತು. ಹುಡುಕಿ ಇನ್ನೊಂದು ನಿಯಮ ತಂದರು. ವಾರಸುದಾರರು ಒಯ್ಯದೆ ಬಿಟ್ಟ ಆಹಾರವನ್ನು ಶುಕ್ರವಾರ ಸಂಜೆ ವಿಲೇವಾರಿ ಮಾಡತಕ್ಕದ್ದು. ಎಲ್ಲಿಗೆ ಎಂದು ಬರೆದಿರಲಿಲ್ಲ.

ತಂಗಳಾದರೆ ದೋಷವಲ್ಲವೇ ಎಂದು ಇಂದುಮತಿಯವರು ವೆಸ್ಟ್ ಬ್ಲೂಮ್‌ಫೀಲ್ಡಿನ ದೇವಸ್ಥಾನದ ಪುರೋಹಿತರಿಗೆ ಫೋನ್ ಮಾಡಿದರು. "ಫ್ರಿಡ್ಜಿನೊಳಗೆ ಕಾಲ ನಡೆಯೋದಿಲ್ಲ ತಾಯಿ," ಎಂದರು ಅವರು. "ನಾನೂ ಒಂದು ಡಬ್ಬಿ ತರ್ತೀನಿ."

ಈಗ ಶುಕ್ರವಾರ ಸಂಜೆ ಹಿಂಬಾಗಿಲಿನಲ್ಲಿ ದೊಡ್ಡ ಸಾಲು. ಪಕ್ಕದ ರಾಜ್ಯದ ಓಕ್ ಬ್ರೂಕಿನಿಂದಲೂ ಹೆಂಗಸರು ರೇಷ್ಮೆ ಸೀರೆ ಉಟ್ಟು ಡ್ರೈವ್ ಮಾಡಿಕೊಂಡು ಬರುತ್ತಾರೆ. 'ತ್ಯಾಜ್ಯ ವಿಲೇವಾರಿಗೆ ಸಹಕರಿಸುವ ಭಕ್ತಾದಿಗಳು ಪ್ರವೇಶ ಟಿಕೆಟ್ ಪಡೆಯತಕ್ಕದ್ದು' ಎಂದು ಬೋರ್ಡು ಹಾಕಿದೆ. ಮಂಡಳಿ ಆ ಟಿಕೆಟ್ಟಿನ ದುಡ್ಡಿನಲ್ಲಿ ಇನ್ನೂ ದೊಡ್ಡ ಫ್ರಿಡ್ಜಿಗೆ ಆರ್ಡರ್ ಕೊಟ್ಟಿದೆ. ಡಾನಾ ಗ್ಲೌಸು ತೊಟ್ಟು, ಇಕ್ಕಳದಲ್ಲಿ ಒಂದೊಂದೇ ಕಡುಬು ಎತ್ತಿ ಹಾಕುತ್ತಾರೆ. "ಬಲಗೈ, ಪ್ಲೀಸ್."

"ಆಂಟಿ, ಮೈಕ್ರೋವೇವ್ ಮಾಡ್ಕೋಬಹುದಾ?" ಎಂದು ಮೊನ್ನೆ ಸಾಲಿನ ಹಿಂದಿನಿಂದ ಯಾರೋ ಕೇಳಿದರು.

"ಅದು ಸ್ಟಾಫಿಗೆ ಮಾತ್ರನಮ್ಮ," ಎಂದು ಇಂದುಮತಿಯವರು ಹೇಳಿ, ಕಲ್ಲಿನಂತಾಗಿದ್ದ ಕಡುಬನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡರು. ಅದು ಮೆತ್ತಗಾಗುವತನಕ ಕಣ್ಣುಮುಚ್ಚಿ ನಿಂತಿದ್ದರು. ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ.