ಮೂರು ಅಚ್ಚಿನ ಯಂತ್ರ

ಧರ್ಮಪಾಲ ಆ ಯಂತ್ರವನ್ನು ಮನೆಗೆ ತಂದು ಊಟದ ಮೇಜಿಗೆ ಬಿಗಿದದ್ದೇ ತಪ್ಪಾಯಿತು.

ಯಂತ್ರ ಅವನದಲ್ಲ. ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಅವನು ಸ್ಟೋರ್‌ಕೀಪರ್. ಅದರ ಮಾಲೀಕ ಅರ್ಬಾಬನಿಗೆ ಗುರಿ ಹೊಡೆಯುವ ಹುಚ್ಚು. ಮೂರು ಅಳತೆಯ ಮೂರು ರೈಫಲ್ಲು, ಎಲ್ಲಕ್ಕೂ ಲೈಸೆನ್ಸು. ಅಷ್ಟು ಸಾಲದೆ, ತೋಟಾಗಳನ್ನೂ ಕ್ಲಬ್ಬಿನಲ್ಲಿ ತಾನೇ ತುಂಬಿಸಿಕೊಳ್ಳಬೇಕೆಂದು ಪರವಾನಗಿ ಪಡೆದು ಈ ಯಂತ್ರ ತರಿಸಿದ್ದ. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೊಳವೆಯನ್ನು ಇಟ್ಟು ಹಿಡಿ ಎಳೆದರೆ, ಅದು ಅಚ್ಚಿನೊಳಗೆ ಹೋಗಿ ಮೊದಲಿನ ಅಳತೆಗೆ ಬರುತ್ತದೆ. ಒಂದೊಂದು ರೈಫಲಿಗೆ ಒಂದೊಂದು ಅಚ್ಚು. ಮದ್ದು, ಗುಂಡು, ಕೊಳವೆ ಎಲ್ಲ ಕ್ಲಬ್ಬಿನ ಬೀಗದೊಳಗೇ ಇದ್ದವು.

ಈ ಕೆಲಸ ಮೊದಲು ಬಿದ್ದದ್ದು ಗುಮಾಸ್ತ ಹರ್ಬರ್ಟನ ತಲೆಗೆ. ಅವನು ಒಂದರ ಕೊಳವೆಯನ್ನು ಇನ್ನೊಂದರ ಅಚ್ಚಿಗೆ ತುರುಕಿ, ಹಿಡಿಗೆ ಜೋತುಬಿದ್ದು ಎಳೆದ; ಕೊಳವೆ ಒಳಗೇ ಸಿಕ್ಕಿಬಿತ್ತು. "ಯಲ್ಲಾ, ಊರಿಗೆ ಹೋಗು, ಒಂದು ತಿಂಗಳು ಮುಖ ತೋರಿಸಬೇಡ" ಎಂದು ಅರ್ಬಾಬ್ ಅಬ್ಬರಿಸಿದ. ಪಾಪ ಹರ್ಬರ್ಟ್ ಎಂದು ಆಫೀಸಿಗೆ ಆಫೀಸೇ ಮರುಗಿತು.

ಧರ್ಮಪಾಲನಿಗೆ ರಜೆ ಬೇಕಿತ್ತು. ಭಾನುವಾರ ಊರಲ್ಲಿ ಅಕ್ಕನ ಮಗಳು ಯಶ್ಮಿತಾಳ ಮದುವೆ; ಸೋದರಮಾವ ಇಲ್ಲದೆ ಧಾರೆ ಹೇಗೆ? ಅರ್ಬಾಬ್ ರಜೆ ಅರ್ಜಿಯನ್ನು ಜೇಬಿಗೆ ಹಾಕಿಕೊಂಡು, "ಗುರುವಾರ ಸಂಜೆ ಕ್ಲಬ್ಬಿನಲ್ಲಿ ಮೂರೂ ಅಚ್ಚು ಹಾಕಿ ತೋರಿಸು. ಆಮೇಲೆ ರಜೆಯ ಮಾತು" ಎಂದಿದ್ದ. ಧರ್ಮಪಾಲ ಅಭ್ಯಾಸಕ್ಕೆಂದು ಯಂತ್ರವನ್ನು ಮನೆಗೆ ತಂದು, ಅದರ ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ಬಾಯಿಪಾಠ ಮಾಡಿದ.

ಗುರುವಾರ ಮಧ್ಯಾಹ್ನ ಅವನು ಕಾರಿಗೆ ಪೆಟ್ರೋಲ್ ಹಾಕಿಸಿ ಬರುವಾಗ ಮನೆಯಲ್ಲಿ ಅಕ್ಕಿ ಬೆಂದ ಪರಿಮಳ. ಮೇಜಿನ ಬಳಿ ಹೆಂಡತಿ ರಾಜೀವಿ ಮತ್ತು ಪಕ್ಕದ ಫ್ಲ್ಯಾಟಿನ ಅಗಾತಾ ಬಾಯಿ ಇಬ್ಬರೂ ಹಿಡಿ ಜಗ್ಗುತ್ತಿದ್ದರು. ಯಂತ್ರದ ನೆತ್ತಿಯಿಂದ ಬಿಳಿ ಹಿಟ್ಟು ಇಣುಕುತ್ತಿತ್ತು.

"ಶಾವಿಗೆ ಮಿಶನ್ ತರ್ತೇನೆ ಅಂತ ಎರಡು ವರ್ಷದಿಂದ ಹೇಳಿ ಹೇಳಿ, ಕಡೆಗೆ ಹೇಳದೇ ತಂದಿದ್ದೀರಲ್ಲ," ಎಂದಳು ರಾಜೀವಿ. ಅವಳ ಮುಖ ನೋಡಿ ಧರ್ಮಪಾಲನಿಗೆ ಬೈಯಲೂ ಆಗಲಿಲ್ಲ.

"ಅಚ್ಚು ಮೂರು ಉಂಟು, ಒಳ್ಳೇದೇ," ಎಂದರು ಅಗಾತಾ ಬಾಯಿ ಅಗಿಯುತ್ತಾ. "ಆದ್ರೆ ಒಂದು ಸಲಕ್ಕೆ ಒಂದೇ ಎಳೆ ಬರುದು ಮಾರಾಯ್ರೆ. ಹೀಗಾದ್ರೆ ಊಟ ಯಾವಾಗ?"

"ಅದು ಶಾವಿಗೆದ್ದಲ್ಲ ಬಾಯಿ. ಅರ್ಬಾಬಂದು. ಕೋವಿಯ ತೋಟಾ ಮಾಡುದು."

ಅಗಾತಾ ಬಾಯಿ ಅಗಿಯುವುದನ್ನು ನಿಲ್ಲಿಸಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. "ನಾನು ನಾಲ್ಕು ಎಳೆ ನುಂಗಿ ಆಯ್ತು. ಹೊಟ್ಟೆಯೊಳಗೆ ಎಂತ ಆಗುದಿಲ್ಲ ಅಲ್ವಾ?"

"ನಿಮಗೆ ಎಂತ ಆಗುದಿಲ್ಲ. ನನ್ನ ರಜೆ ಹೋಯ್ತು."

ರಾಜೀವಿಗೆ ಅಳು ಬಂತು. ಆದರೆ ಅಗಾತಾ ಬಾಯಿ ಸೆರಗು ಕಟ್ಟಿದರು. ಮೂರು ಅಚ್ಚೂ ಬಿಸಿನೀರಿಗೆ ಬಿದ್ದವು. ಮಗುವಿನ ಹಾಲಿನ ಬಾಟಲಿಯ ಬ್ರಷ್ಷು, ಹೇರ್‌ಪಿನ್ನು, ಹಲ್ಲುಕಡ್ಡಿ ಎಲ್ಲ ಕೆಲಸಕ್ಕೆ ಇಳಿದವು. ಕೂದಲು ಒಣಗಿಸುವ ಮಿಶನ್ನಿನಲ್ಲಿ ಒಣಗಿಸಿ, ಮೇಲೆ ಊರಿನ ತೆಂಗಿನೆಣ್ಣೆಯನ್ನೂ ತಿಕ್ಕಿದ್ದಾಯಿತು. ಧರ್ಮಪಾಲ ಮನಸ್ಸಿನಲ್ಲೇ ಊರಿನ ಭೂತಗಳಿಗೆಲ್ಲ ಹರಕೆ ಹೊತ್ತು ಕಾರು ಹತ್ತಿದ.

ಸಂಜೆ ಕ್ಲಬ್ಬಿನಲ್ಲಿ ಅರ್ಬಾಬ್ ಎದುರಿಗೇ ಕೂತ. ಧರ್ಮಪಾಲ ಹಿಡಿ ಎಳೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೊಳವೆ ಒಳಹೋಗಿ ಹೊರಬಂತು. ಎರಡನೆಯ ಅಚ್ಚೂ ಹಾಗೆಯೇ, ಮೂರನೆಯದೂ ಹಾಗೆಯೇ. ಅಳೆದು ನೋಡಿದರೆ ಒಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಅರ್ಬಾಬ್ ಎದ್ದು ಅವನನ್ನು ತಬ್ಬಿಕೊಂಡ. "ಇಂಥ ಕೈ ಅಬುಧಾಬಿಯಲ್ಲೇ ಇಲ್ಲ. ಶನಿವಾರದಿಂದ ಪಂದ್ಯ. ಮೂರು ರೈಫಲಿಗೂ ನೀನೇ ಕೂರಬೇಕು." ಜೇಬಿನಿಂದ ಅರ್ಜಿ ತೆಗೆದು ಎರಡು ತುಂಡು ಮಾಡಿದ. "ರಜೆ ಖಲಾಸ್."

"ಒಂದು ವೇಳೆ ನಾನು ಕೆಡಿಸಿದ್ದರೆ?" ಎಂದು ಕೇಳಿದ ಧರ್ಮಪಾಲ.

"ಹರ್ಬರ್ಟನ ಹಾಗೆ ನಿನ್ನನ್ನೂ ಊರಿಗೆ ಓಡಿಸುತ್ತಿದ್ದೆ," ಎಂದು ಅರ್ಬಾಬ್ ಹೊಟ್ಟೆ ಹಿಡಿದು ನಕ್ಕ.

ಅಷ್ಟರಲ್ಲಿ ರಾಜೀವಿಯ ಫೋನು ಬಂತು. "ಎಂತಾಯ್ತು? ಹಿಟ್ಟು ಎಂತಾದ್ರೂ ಒಳಗೆ ಸಿಕ್ಕಿತಾ?"

"ಒಂದು ಚೂರೂ ಸಿಗ್ಲಿಲ್ಲ," ಎಂದ ಧರ್ಮಪಾಲ. "ಮನೆಯಲ್ಲಿ ಸ್ವಲ್ಪ ಹಿಟ್ಟು ಉಳಿದಿದ್ಯಾ?"

"ಇಲ್ಲಪ್ಪ. ನಿಮಗೆ ಅನುಮಾನ ಬೇಡ. ಅಗಾತಾ ಬಾಯಿ ಪಾತ್ರೆ ಸಮೇತ ತೊಳೆದಿಟ್ಟಿದ್ದಾರೆ."