ಸರಕಾರ ಮಸಿ ಬಳಿದ ಸಾಲು

ಕಾಣದ್ದನ್ನು ಓದುವುದು

ಕಾಗದ ಒಡೆದು ನಾಲ್ಕು ಸಾಲು ಓದಿ ನಿಲ್ಲಿಸಿದೆ. ಐದನೆಯ ಸಾಲಿಗೆ ಕರಿ ಮಸಿ ಬಳಿದಿತ್ತು.

ಮುದುಕ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಅವನ ಮಗ ದಾಂಡೇಲಿಯ ಡಿಪೋದಲ್ಲಿ ಕಟ್ಟಿಗೆಯ ಲಾರಿ ಹೊಡೆಯುತ್ತಿದ್ದವನು. ಯುದ್ಧ ಶುರುವಾದ ಮೇಲೆ ಫೌಜಿನ ಲಾರಿ ಹೊಡೆಯಲು ಸಮುದ್ರ ದಾಟಿ ಹೋಗಿದ್ದ. ನಾನು ಹಳಿಯಾಳದ ಟಪಾಲಿನವ. ವಾರಕ್ಕೆ ಎರಡು ಸಲ ಆ ಊರಿಗೆ ನಡೆದು ಹೋಗುತ್ತಿದ್ದೆ. ಹನ್ನೆರಡು ಮನೆಯ ಊರು. ಓದು ಬಲ್ಲವರು ಒಬ್ಬರೂ ಇರಲಿಲ್ಲ. ಕಾಗದ ತರುವವನೂ ನಾನೇ, ಓದುವವನೂ ನಾನೇ, ಉತ್ತರ ಬರೆಯುವವನೂ ನಾನೇ.

ಯಾಕೆ ನಿಲ್ಲಿಸಿದಿರಿ ಎಂದು ಮುದುಕ ಕೇಳಿದ. ಯುದ್ಧದ ಗುಟ್ಟು ಹೊರಗೆ ಹೋಗಬಾರದೆಂದು ಸರಕಾರದವರು ಕಾಗದ ಒಡೆದು ನೋಡುತ್ತಾರೆ, ಬೇಡವೆನಿಸಿದ ಕಡೆ ಮಸಿ ಬಳಿಯುತ್ತಾರೆ ಎಂದೆ. ಅವನು ನಂಬಲಿಲ್ಲ. ತನ್ನ ಮಗನ ಹೊಟ್ಟೆಯಲ್ಲಿ ಯಾವ ಗುಟ್ಟೂ ಈವರೆಗೆ ಒಂದು ಹೊತ್ತು ನಿಂತದ್ದಿಲ್ಲ ಎಂದ. ಮಸಿಯ ಕೆಳಗೂ ಅಕ್ಷರ ಇರಬೇಕಲ್ಲ, ಅದನ್ನೇ ಓದಿರಿ ಎಂದ. ಕಾಣುವುದಿಲ್ಲ ಎಂದೆ.

“ಕಂಡದ್ದನ್ನ ಯಾರರ ಓದ್ತಾರ್ರಿ. ಕಾಣದ್ದನ್ನ ಓದಾಕಂತನ ಸಾಲಿ ಕಲಿಸೂದು.”

ಉಳಿದಾಕೆ

ಮುಂದಿನ ಸಲ ಮುದುಕನ ಸೊಸೆ ಹಳ್ಳದ ದಂಡೆಯಲ್ಲಿ ಕಾದು ನಿಂತಿದ್ದಳು. ಮದುವೆಯಾಗಿ ಎಂಟು ತಿಂಗಳಿಗೆ ಗಂಡ ಹೋಗಿದ್ದ. ನಾನು ಕಾಗದ ಓದುವಾಗ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಆಗ ಮಗನಾದವನು ಅಪ್ಪನ ಹೆಸರಿಗೇ ಕಾಗದ ಬರೆಯಬೇಕು. ಅಪ್ಪನ ಕ್ಷೇಮ, ಅವ್ವನ ಕ್ಷೇಮ, ಎಮ್ಮೆಯ ಕ್ಷೇಮ, ಬಾವಿಯ ನೀರು. ಹೆಂಡತಿಯ ಮಾತು ಬರೆದರೆ ಟಪಾಲಿನವ ಅದನ್ನು ಮಾವನ ಎದುರಿಗೆ ಗಟ್ಟಿಯಾಗಿ ಓದಬೇಕಾಗುತ್ತದೆ. ಹಾಗಾಗಿ ಯಾರೂ ಬರೆಯುತ್ತಿರಲಿಲ್ಲ.

“ಕಾಕಾ, ಆ ಕರೀ ಸಾಲು ನಂದು,” ಎಂದಳು.

ಹೇಗೆ ಗೊತ್ತು ಎಂದೆ.

“ಅತ್ತಿ ಮಾವನ್ನ ಕೇಳ್ಯಾರ. ಎಮ್ಮಿ ಕೇಳ್ಯಾರ. ಬಾವಿ ಕೇಳ್ಯಾರ. ಉಳಿದಾಕಿ ನಾನೊಬ್ಬಾಕಿ.”

ಇದ್ದೀತು, ಆದರೆ ಅದರಲ್ಲಿ ಸರಕಾರ ಮುಚ್ಚುವಂಥದ್ದು ಏನಿರುತ್ತದೆ ಎಂದೆ. ಅವಳು ಸೆರಗು ಎಳೆದುಕೊಂಡು ನೆಲ ನೋಡಿದಳು. ಓದಿ ಸರಕಾರಕ್ಕೇ ನಾಚಿಕೆಯಾಗಿರಬೇಕು ಎಂದಳು.

ಮಿಸ್ತ್ರಿಯ ವಿದ್ಯೆ

ದಾಂಡೇಲಿಯಲ್ಲಿ ಲಾರಿ ರಿಪೇರಿ ಮಾಡುವ ಮುಸಲ್ಮಾನ ಮಿಸ್ತ್ರಿಯೊಬ್ಬ ಅವಳ ಗಂಡನ ಗೆಳೆಯ. ಬಿಚ್ಚಿ ಜೋಡಿಸಲಾಗದ ವಸ್ತು ದುನಿಯಾದಲ್ಲಿಲ್ಲ ಎನ್ನುವವನು. ಡಿಪೋದ ಲಾರಿಯಲ್ಲಿ ಆ ಕಡೆ ಬಂದಾಗ ಮುದುಕ ಅವನಿಗೆ ಕಾಗದ ತೋರಿಸಿದ. ಮಿಸ್ತ್ರಿ ಹಾಡಹಗಲಲ್ಲಿ ಲಾರಿಯ ದೀಪ ಹಚ್ಚಿ ಅದರ ಮುಂದೆ ಕಾಗದ ಹಿಡಿದ. ಮಸಿ ಇನ್ನಷ್ಟು ಕಪ್ಪಾಗಿ ಕಂಡಿತು. ಎಡಗಡೆಯ ದೀಪ ಮಂಕು ಎಂದು ಬಲಗಡೆಗೆ ಹೋದ. ಅಲ್ಲೂ ಅಷ್ಟೇ. ಊರವರು ಒಬ್ಬೊಬ್ಬರಾಗಿ ಬಂದು ಇಣುಕಿದರು. ಓದಲು ಬಾರದವರಿಗೂ ಮಸಿಯ ಕೆಳಗೆ ಏನೋ ಕಂಡಂತಾಯಿತು. ಅಷ್ಟರಲ್ಲಿ ಬ್ಯಾಟರಿ ಇಳಿಯಿತು. ಊರೆಲ್ಲ ಸೇರಿ ಲಾರಿಯನ್ನು ಇಳಿಜಾರಿನವರೆಗೆ ದೂಡಿದೆವು. ನಾನೂ ಚೀಲ ಇಟ್ಟು ದೂಡಿದೆ.

ಹೋಗುವ ಮುಂಚೆ ಮಿಸ್ತ್ರಿ ನಟ್ಟು ಬಿಚ್ಚುವ ತನ್ನ ಪಾನಾ ತೋರಿಸಿ ಸೊಸೆಗೆ ಹೇಳಿದ: “ಭಾಭಿ, ಇಂಜಿನ್ ಆಗಿದ್ರ ಬಿಚ್ಚಿ ಕೈಯಾಗ ಕೊಡ್ತಿದ್ದೆ. ಸರಕಾರ ಬಿಗದ ನಟ್ಟಿಗೆ ಈ ಪಾನಾ ಹತ್ತೂದಿಲ್ಲ.”

ಅಂಟವಾಳ

ಅರಿವೆಯ ಯಾವ ಕರೆಯಾದರೂ ಅಂಟವಾಳದ ನೀರಿಗೆ ಬಿಡುತ್ತದೆ. ಅವಳು ಕಾಗದವನ್ನೂ ಅದರಲ್ಲಿ ಅದ್ದಿದಳು. ಗಂಡ ಬರೆದ ಅಕ್ಷರವೆಲ್ಲ ಹೋಯಿತು. ಸರಕಾರದ ಮಸಿ ಉಳಿಯಿತು.

ಮುದುಕ ಎರಡು ದಿನ ಉಣ್ಣಲಿಲ್ಲ. ಆಮೇಲೆ ನಾನು ಹೋದಾಗಲೆಲ್ಲ ಆ ನಾಲ್ಕು ಸಾಲನ್ನು ಬಾಯಿಪಾಠ ಒಪ್ಪಿಸಬೇಕಾಯಿತು. ತಪ್ಪಿದರೆ ಅವನೇ ತಿದ್ದುತ್ತಿದ್ದ.

ಸೊಸೆ ಕರೀ ಸಾಲೊಂದೇ ಉಳಿದ ಹಾಳೆಯನ್ನು ಒಣಗಿಸಿ ಮಡಿಸಿ ಇಟ್ಟುಕೊಂಡಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಹೇಳಿದ್ದು ಇಷ್ಟು: “ಈಗ ಪೂರಾ ಕಾಗದ ನಂದ ಆತು.”

ಪಗಾರದ ಓದು

ಓದು ಕಲಿಸಿ ಎಂದಳು. ಬೇಡ ಎಂದೆ. ಮತ್ತೆ ಕೇಳಿದಳು. ಹಳ್ಳದ ಬಂಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಸಲಕ್ಕೆ ಎರಡು ಅಕ್ಷರ ಬರೆದುಕೊಟ್ಟೆ. ಮುಂದಿನ ಸಲಕ್ಕೆ ಬಂಡೆ ತುಂಬ ಅವೇ ಎರಡು ಅಕ್ಷರ ಇರುತ್ತಿದ್ದವು. ಅರಿವೆ ಒಗೆಯಲು ಬಂದ ಹೆಂಗಸರು ಜಾಗ ಇಲ್ಲವೆಂದು ನನ್ನನ್ನು ಬೈದರು. ಒಂದು ವರ್ಷ ಹಿಡಿಯಿತು.

ಮುದುಕನಿಗೆ ತಿಳಿಯಿತು. ಯಾಕೆ ಕಲಿಯುತ್ತೀ ಎಂದು ಕೇಳಿದ. ಕರೀ ಸಾಲು ಓದಲಿಕ್ಕೆ ಎಂದಳು. ಇಷ್ಟು ವರ್ಷದ ಟಪಾಲಿನವರಿಗೇ ಬಾರದ್ದು ನಿನಗೆ ಬಂದೀತೇನು ಎಂದ.

“ಅವರು ಪಗಾರಕ್ಕ ಓದ್ತಾರ್ರಿ, ಮಾವ.”

ನಾನು ಚಹಾ ಕುಡಿಯುತ್ತಿದ್ದೆ. ಪೂರ್ತಿ ಕುಡಿದು ಎದ್ದೆ.

ಮೂರು ಸಾಲು

ಆ ಸಲದ ಉತ್ತರದ ಕೊನೆಗೆ ಅವಳು ತಾನೇ ಒಂದು ಸಾಲು ಬರೆದಳು. ‘ಮಸಿಯ ಕೆಳಗೆ ಏನಿತ್ತು ತಿಳಿಸುವುದು.’ ಮಾವ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

ಮಳೆಗಾಲ ಇಡೀ ಕಾಗದ ಬರಲಿಲ್ಲ. ಹಳ್ಳ ತುಂಬಿದ್ದರೂ ಆಚೆ ದಂಡೆಗೆ ಬಂದು ನಿಲ್ಲುತ್ತಿದ್ದಳು. ಅವಳು ಕಾಯದಿರಲಿ ಎಂದು ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಿದ್ದೆ. ಆದರೂ ನಿಂತಿರುತ್ತಿದ್ದಳು. ಹಳ್ಳ ದಾಟಿ ಹತ್ತಿರ ಹೋದ ಮೇಲೆ ಚೀಲದ ತಳ ನೋಡಿದಿರಾ ಎಂದು ಕೇಳುತ್ತಿದ್ದಳು. ಚೀಲ ಕೊಡವಿ ತೋರಿಸುತ್ತಿದ್ದೆ. ಒಮ್ಮೆ ಒಂದು ಎಲೆ ಬಿತ್ತು.

ದೀಪಾವಳಿ ಕಳೆದ ಮೇಲೆ ಬಂತು. ಮುದುಕನ ಕೈಗೆ ಕೊಟ್ಟೆ. ಅವನು ಸೊಸೆಯನ್ನು ಬಾಗಿಲ ಹಿಂದಿನಿಂದ ಕರೆದು ಅವಳ ಕೈಗೆ ಕೊಟ್ಟ. ಊರು ಸೇರಿತು. ಅವಳು ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದಳು. ಅಪ್ಪನ ಕ್ಷೇಮ, ಅವ್ವನ ಕ್ಷೇಮ, ಎಮ್ಮೆಯ ಕ್ಷೇಮ. ಆಮೇಲೆ, ‘ನೀನು ಕೇಳಿದ್ದನ್ನು ಕೆಳಗೆ ಬರೆದಿದ್ದೇನೆ.’

ಕೆಳಗೆ ಮೂರು ಸಾಲು. ಮೂರಕ್ಕೂ ಮಸಿ.

ಅವಳು ಆ ಮೂರರ ಮೇಲೂ ಬೆರಳು ಎಳೆದಳು. ತುಟಿ ಅಲುಗಿತು. ಕಾಗದ ಮಡಿಸಿದಳು. ಮುಂದೇನು ಎಂದು ಮುದುಕ ಕೇಳಿದ್ದಕ್ಕೆ ಎಲ್ಲ ಆರಾಮ ಎಂದಳು. ಮುದುಕ ನನ್ನ ಕಡೆ ತಿರುಗಿದ.

“ನೋಡ್ರಿ. ನಿಮ್ಮಂಗ ನಡುವ ನಿಲ್ಲಿಸಲಿಲ್ಲ.”

ಕೇಳಿದ್ದು

ಯುದ್ಧ ಮುಗಿದು ಒಂದು ವರ್ಷಕ್ಕೆ ಅವಳ ಗಂಡ ಬಂದ. ಹಳಿಯಾಳದಿಂದ ನನ್ನ ಜೊತೆಯೇ ನಡೆದ. ಆ ದಿನ ಆ ಊರಿಗೆ ಕಾಗದ ಇರಲಿಲ್ಲ. 

ಅಂಗಳಕ್ಕೆ ಬಂದು ನಿಂತ. ಸೊಸೆ ಕಾಲಿಗೆ ನೀರು ತಂದಳು. ಚೊಂಬು ಕೊಡಲಿಲ್ಲ. ಮಸಿಯ ಕೆಳಗೆ ಏನಿತ್ತು ಎಂದು ಮಾವನ ಎದುರಿಗೇ ಕೇಳಿದಳು.

ಅವನು ತಲೆ ಕೆರೆದುಕೊಂಡ. ಮೊದಲನೆಯ ಸಲ ತಾನಿದ್ದ ಊರಿನ ಹೆಸರು ಬರೆದಿದ್ದನಂತೆ.

“ಮತ್ತ ಆ ಮೂರು ಸಾಲು?”

“ಅಲ್ಲಿಗೆ ಬರೂ ದಾರಿ. ಮುಂಬಯಿದಾಗ ಯಾವ ಹಡಗ ಹತ್ತಬೇಕು, ಎಲ್ಲಿ ಇಳೀಬೇಕು, ಇಳಿದ ಮ್ಯಾಲೆ ಯಾವ ರಸ್ತಾ ಹಿಡೀಬೇಕು.”

“ಯಾಕ ಬರದ್ರಿ?”

ಅವನು ಅಪ್ಪನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ನೀ ಬಂದರ ಬಂದೀ ಅಂತ.”

ಮುದುಕ ಎಮ್ಮೆ ಕಟ್ಟಿ ಬರುತ್ತೇನೆಂದು ಎದ್ದು ಹಿತ್ತಲಿಗೆ ಹೋದ. ಎಮ್ಮೆ ಕಟ್ಟಿಯೇ ಇತ್ತು.