ಆರನೇ ಕ್ಲಾಸಿಗೆ ಕಲ್ಯಾಣ ಮಾರ್ಗ

ಮುಂಬಯಿ ಕಡೆಗೆ ಬಂದ ಹೊಸತರಲ್ಲಿ, ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತವರೆಲ್ಲ ಇಳಿಯಲು ಸಾಲುಗಟ್ಟಿದ್ದಾರೆ ಎಂದುಕೊಂಡಿದ್ದೆ. ಮೈಸೂರಿನ ಮರ್ಯಾದೆ ನೋಡಿ, ಅವರ ಹಿಂದೆ ತೆಪ್ಪಗೆ ನಿಂತೆ. ನಾನಿಳಿಯಬೇಕಿದ್ದ ಕಳವಾ ಸ್ಟೇಷನ್ ಬಂತು, ಹೋಯಿತು. ಒಬ್ಬನೂ ಇಳಿಯಲಿಲ್ಲ. ಅವರು ನಿಂತಿದ್ದು ಗಾಳಿಗೆ!

ಅಂಥ ನಾನು ಈ ಜೂನ್‌ನಲ್ಲಿ, ಅಕ್ಕನ ಮಗಳು ಆಶ್ರಿತಾಳಿಗೆ ರೈಲುವಿದ್ಯೆ ಧಾರೆಯೆರೆಯುತ್ತೇನೆಂದು ಎದೆ ತಟ್ಟಿಕೊಂಡೆ.

ಆಶ್ರಿತಾ ಐದನೇ ಕ್ಲಾಸು ಮುಗಿಸಿದ್ದಳು. ಆರಕ್ಕೆ ಠಾಣೆಯ ದೊಡ್ಡ ಶಾಲೆಯೇ ಬೇಕೆಂದು ಹಠ. ಅಲ್ಲಿ ನಕ್ಷತ್ರ ನೋಡುವ ಟೆಲಿಸ್ಕೋಪ್ ಇದೆಯಂತೆ. ನಮ್ಮ ಡೊಂಬಿವಲಿಯ ಸೊಸೈಟಿಯ ದೊಡ್ಡ ಹುಡುಗಿಯರು ಲೇಡೀಸ್ ಡಬ್ಬಿಯಲ್ಲಿ ದಿನವೂ ಹೋಗಿಬರುತ್ತಾರೆ. ಆದರೆ ಅಕ್ಕ ಶ್ರೀವಿದ್ಯಾಳದ್ದು ಒಂದೇ ಷರತ್ತು: ಬೆಳಗಿನ ಗರ್ದಿಯಲ್ಲಿ ಒಮ್ಮೆ ಹೋಗಿಬಂದು ತೋರಿಸಲಿ, ಇಲ್ಲವಾದರೆ ಗಲ್ಲಿಯ ಶಾಲೆಯೇ ಗತಿ.

"ನಾನಿದ್ದೀನಲ್ಲಕ್ಕ," ಎಂದೆ.

"ಅದೇ ನನ್ನ ಭಯ ಕಣೋ ಜಯಂತ," ಎಂದಳು.

ಮಹಾಪೆಯ ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ನನ್ನ ಬಳಿ ಒಂದು ಮಹಾಯೋಜನೆಯಿತ್ತು. ಡೊಂಬಿವಲಿಯಲ್ಲಿ ನೇರವಾಗಿ ಠಾಣೆಯ ಗಾಡಿ ಹತ್ತುವವರು ಅಮಾಯಕರು. ಬಲ್ಲವರು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣದ ಗಾಡಿ ಹತ್ತಿ, ಅಲ್ಲಿ ಅದೇ ಗಾಡಿ ಠಾಣೆಯತ್ತ ತಿರುಗುವಾಗ ಕೂತಲ್ಲೇ ಕೂತು ರಾಜರಂತೆ ಬರುತ್ತಾರೆ. ಆಶ್ರಿತಾಳನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ ಪಕ್ಕದ ಡಬ್ಬಿಯಲ್ಲಿ ನಾನು ಕೂತೆ.

ಕಲ್ಯಾಣ ಬಂತು. ಯೋಜನೆ ಪ್ರಕಾರ ನಾನು ಅಲ್ಲಾಡಬಾರದಿತ್ತು. ಆದರೆ ಮಗು ಅಳುತ್ತಿದ್ದರೆ? ಯಾರೋ ಎಬ್ಬಿಸಿಬಿಟ್ಟರೆ? ತಡೆಯಲಾಗದೆ ಇಳಿದು ಅವಳ ಡಬ್ಬಿಯ ಕಿಟಕಿಗೆ ಓಡಿದೆ. ಮಹಾರಾಣಿ ಕಿಟಕಿ ಪಕ್ಕದಲ್ಲೇ ಕೂತಿದ್ದಳು.

ನಾನು ಉಪದೇಶ ಶುರು ಮಾಡಿದೆ. ಬ್ಯಾಗು ಮುಂದಕ್ಕೆ ಹಾಕಿಕೋ, ಠಾಣೆಗೆ ಮೊದಲಿನ ಮುಂಬ್ರಾ ದಾಟಿದ ಕೂಡಲೇ ಏಳು, ಇಳಿಯುವುದು ಎಡಕ್ಕೋ ಬಲಕ್ಕೋ ಪಕ್ಕದವರನ್ನು ಕೇಳು, ನೀರು ಕುಡಿ, ಜಾಸ್ತಿ ಕುಡಿಯಬೇಡ.

"ಮಾಮಾ, ಜಾ ನಾ, ಹೋಗು. ಗಾಡಿ ಬಿಡ್ತದೆ," ಎಂದಳು.

"ಭಯಪಡಬೇಡ ಪುಟ್ಟಾ," ಎಂದೆ. ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದಿದ್ದವನು ನಾನೇ.

ಗಾಡಿ ಬಿಟ್ಟಿತು. ನನ್ನ ಡಬ್ಬಿಗೆ ಓಡಿದರೆ ಅಲ್ಲಿ ಬಾಗಿಲೇ ಕಾಣಲಿಲ್ಲ, ಬರೀ ಬೆನ್ನುಗಳು. ಆಶ್ರಿತಾ ಕಿಟಕಿಯಿಂದ ಕೈ ಬೀಸಿದಳು, ನನ್ನನ್ನೇ ಊರಿಗೆ ಕಳಿಸಿಕೊಡುವವಳಂತೆ.

ನಾನು ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ಮಗುವಿನ ಬಳಿ ಫೋನಿಲ್ಲ. ಠಾಣೆಯಲ್ಲಿ ಇಳಿಯದೆ ಹೋದರೆ? ಇಳಿದು ಜನರ ಕಾಲಡಿ ಸಿಕ್ಕಿದರೆ? ಅಕ್ಕನಿಗೆ ಫೋನು ಮಾಡಲು ಹೆಬ್ಬೆರಳು ಎತ್ತಿದೆ, ಇಳಿಸಿದೆ. ಮಾಡಿದರೆ ಟೆಲಿಸ್ಕೋಪ್ ಹೋಯಿತು. ಮಾಡದೆ ಏನಾದರೂ ಆದರೆ ನಾನೇ ನಕ್ಷತ್ರವಾಗಬೇಕು.

ಮುಂದಿನ ಗಾಡಿಯಲ್ಲಿ ನೇತಾಡುತ್ತ ಹೋದೆ. ನನ್ನ ಕಂಕುಳಡಿ ಸಿಕ್ಕಿಕೊಂಡಿದ್ದವರು ಉಡುಪಿಯ ಮೋಹನದಾಸರು, ಠಾಣೆಯಲ್ಲಿ ಹೋಟೆಲು ಇಟ್ಟವರು. ನನ್ನ ಬಿಳಿಚಿದ ಮುಖ ನೋಡಿ ವಿಚಾರಿಸಿದರು. ಎಲ್ಲ ಒದರಿಬಿಟ್ಟೆ.

"ಲೇಡೀಸಿನಲ್ಲಿ ಉಂಟಲ್ಲ ಮಾರಾಯ್ರೆ ಹುಡುಗಿ? ಹಾಗಾದ್ರೆ ಅವಳಿಗೆ ಎಂಥದೂ ಆಗುದಿಲ್ಲ. ನೀವು ಸ್ವಲ್ಪ ಕಂಬಿ ಗಟ್ಟಿ ಹಿಡ್ಕೊಳ್ಳಿ," ಎಂದರು.

ಮುಂಬ್ರಾ ದಾಟುವಾಗ ಫೋನು ಬಡಿದುಕೊಂಡಿತು. ಜೇಬಿಗೆ ಕೈ ಇಳಿಸುವಷ್ಟು ಜಾಗವಿರಲಿಲ್ಲ. ಕೆಟ್ಟ ಸುದ್ದಿಯೇ ಇರಬೇಕೆಂದು ಕಣ್ಣು ಮುಚ್ಚಿಕೊಂಡೆ. ಅದು ಬಡಿದುಕೊಂಡು, ಬಡಿದುಕೊಂಡು ನಿಂತಿತು.

ಠಾಣೆಯಲ್ಲಿ ಜನ ನನ್ನನ್ನು ಉಗುಳಿದರು. ಬೆಂಚಿನ ಮೇಲೆ ಆಶ್ರಿತಾ ಚಿಕ್ಕಿ ಕಡಿಯುತ್ತ ಕೂತಿದ್ದಳು. ಪಕ್ಕದಲ್ಲಿ ಜಯಲತಾ ಎಂಬ ಹೆಂಗಸು. ಅದೇ ಡಬ್ಬಿಯಲ್ಲಿ ಬಂದವರು, ಫೋನು ಮಾಡಿದ್ದೂ ಅವರೇ. ಹುಡುಗಿ ನನ್ನ ನಂಬರು ಬಾಯಿಪಾಠ ಒಪ್ಪಿಸಿ, ಮಾಮ ಅಳ್ತಿರ್ತಾನೆ, ಬೇಗ ಹೇಳಿ ಅಂದಳಂತೆ.

ಮನೆಗೆ ಬರುವಷ್ಟರಲ್ಲಿ ಹೊಸ ಒಪ್ಪಂದವಾಗಿತ್ತು: ಇಬ್ಬರೂ ಬಾಯಿ ಬಿಡುವಂತಿಲ್ಲ. ಆದರೆ ಅಕ್ಕ ಬಾಗಿಲು ತೆಗೆದವಳೇ ನನ್ನ ಬೆವರು ನೋಡಿದಳು, ಕಿತ್ತುಹೋದ ಗುಂಡಿ ನೋಡಿದಳು, ಮಗಳ ಕಡೆ ತಿರುಗಿದಳು.

"ನಿಜ ಹೇಳು. ಮಾಮ ಕೊನೇವರೆಗೂ ನಿನ್ನ ಜೊತೆಗಿದ್ನಾ?"

ನಾನು ಬೇಡುವ ಕಣ್ಣಲ್ಲಿ ಆಶ್ರಿತಾಳನ್ನು ನೋಡಿದೆ. ಅವಳು ಶೂ ಬಿಚ್ಚುತ್ತ ಹೇಳಿದಳು:

"ಇಲ್ಲ. ಕಲ್ಯಾಣದಲ್ಲೇ ಬಿಟ್ಟೆ. ಅವ್ನಿದ್ದಿದ್ರೆ ನಾನು ಠಾಣೆ ಮುಟ್ತಾನೇ ಇರ್ಲಿಲ್ಲ."